ಸಾಕು ಅನ್ನುವ ಪೆಟ್ಟಿಗೆ

ಆ ದಿನ ಬೆಳಿಗ್ಗೆ ಎದ್ದಾಗ ನನಗೆ ಮೊದಲು ಕೇಳಿಸಿದ್ದು ನೀಲಕ್ಕನ ಕೆಮ್ಮು. ಅದೇನೂ ಹೊಸದಲ್ಲ. ನಮ್ಮ ಅಡುಗೆಮನೆಗೂ ಅವರ ಮನೆಗೂ ನಡುವೆ ಒಂದೇ ಮಣ್ಣಿನ ಗೋಡೆ. ಒಲೆ ಹಚ್ಚಿ, ಹಾಲು ಕಾಯಲಿಟ್ಟು, ನಮ್ಮವರ ಗಡ್ಡಕ್ಕೆ ಬಿಸಿನೀರು ತೆಗೆದಿರಿಸಿದೆ. ಮಗಳನ್ನು ಸೊಂಟಕ್ಕೇರಿಸಿಕೊಂಡು ಅವಳ ಅಂಗಿಗಳನ್ನು ಒಣಹಾಕಲು ಹಿತ್ತಲಿಗೆ ಹೋದೆ. ಮೋಟುಗೋಡೆಯ ಆಚೆ ನೀಲಕ್ಕನ ಗಂಡ ಗುರಪ್ಪ ತನ್ನ ಧೋತರವನ್ನು ಹಿಂಡಿ, ಜಾಡಿಸಿ, ಹಗ್ಗದ ಮೇಲೆ ಹರವುತ್ತಿದ್ದ. ಮಳೆಗಾಲ ಮುಗಿದು ಬಿಸಿಲು ಹೊಸದಾಗಿತ್ತು. ಅದು ಧೋತರದೊಳಗಿಂದ ಹಾದು ಹಿಂದಿನ ಗೋಡೆಯ ಮೇಲೆ ಸಾವಿರ ಚುಕ್ಕೆಯಾಗಿ ಬಿತ್ತು. ಗಾಳಿಗೆ ಬಟ್ಟೆ ಅಲುಗಿದಂತೆ ಚುಕ್ಕೆಗಳೂ ಅಲುಗಿದವು. ಮಗಳು ಅವನ್ನು ಹಿಡಿಯಲು ಕೈ ಚಾಚಿದಳು.

ಗುರಪ್ಪನ ಧೋತರಕ್ಕೆ ಉಟ್ಟಾಗ ಏನೂ ಆಗುತ್ತಿರಲಿಲ್ಲ, ತೂತು ಬೀಳುತ್ತಿದ್ದದ್ದು ಒಗೆದ ಮೇಲೆ. ಅವನು ತುಂಬಿಸಿಕೊಡುವ ಬ್ಯಾಟರಿಗಳ ಆಸಿಡ್ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಯಾಗಿ ಬಟ್ಟೆಯ ಮೇಲೆ ಕೂತಿರುತ್ತದೆ. ನೀರು ಸೋಕಿ, ಕಲ್ಲಿನ ಮೇಲೆ ಪೆಟ್ಟು ಬಿದ್ದಾಗ ಸುಟ್ಟ ನೂಲು ಉದುರಿಹೋಗುತ್ತದೆ. ನಮ್ಮ ಬನಹಟ್ಟಿ ನೇಕಾರರ ಊರು. ಅಲ್ಲಿ ತೂತು ಧೋತರ ಉಟ್ಟವನನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಎದುರು ಮನೆಯ ಗಂಗವ್ವ ತನ್ನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಓಣಿಯ ಎಲ್ಲರನ್ನೂ ಮಾತನಾಡಿಸುವವಳು. ಇವನನ್ನು ಕಂಡರೆ ಅವಳಿಗೆ ಹಬ್ಬ.

"ಏ ಗುರಪ್ಪಾ, ನಿನ್ನ ಧೋತರ ಈ ಕಡೆ ಒಗಿಯೋ. ಹಿಟ್ಟ ಸಾಣಿಸ್ಕೊಂಡ ಕೊಡ್ತೇನಿ."

"ಬ್ಯಾಡ ಬೇ ಯವ್ವಾ. ನಿನ್ನ ಹಿಟ್ಟಿನ್ಯಾಗ ಹುಳಾ ಅದಾವು, ನನ್ನ ಧೋತರ ಹೊಲಸ ಆಕೈತಿ."

ಆ ತೂತುಗಳನ್ನು ನೀಲಕ್ಕ ಮುಚ್ಚುತ್ತಿದ್ದಳು. ಹೊಲಿಯುತ್ತಿರಲಿಲ್ಲ, ಎಳೆ ಎಳೆಯಾಗಿ ಮತ್ತೆ ನೇಯುತ್ತಿದ್ದಳು. ಕೊನೆಕೊನೆಗೆ ಅದು ಅವಳಿಂದ ಆಗಲಿಲ್ಲ. ಅದಕ್ಕೇ ಆ ಬೆಳಗಿನ ಗೋಡೆಯ ಮೇಲೆ ಅಷ್ಟೊಂದು ಬೆಳಕು.

ಸಂಸ್ಥಾನದ ಆಳಿಕೆ ಹೋಗಿ ನಾವು ಮುಂಬೈ ರಾಜ್ಯದವರಾಗಿದ್ದ ಕಾಲ ಅದು. ನಮ್ಮವರು ಬನಹಟ್ಟಿಯ ಶಾಲೆಯಲ್ಲಿ ಮಾಸ್ತರು. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳ ಕೈಯಲ್ಲಿ ಬೆಳೆದು, ಮದುವೆಯಾಗಿ ಈ ಓಣಿಗೆ ಬಂದವಳು. ಮಗ್ಗಗಳ ಸಪ್ಪಳದಲ್ಲಿ ನನಗೆ ಮೊದಮೊದಲು ಮಾತೇ ಹೊರಡುತ್ತಿರಲಿಲ್ಲ. ಗುರಪ್ಪನೇ ಒಂದು ದಿನ ಮೋಟುಗೋಡೆಯ ಮೇಲೆ ಗಲ್ಲ ಊರಿ ನಿಂತು, "ಬಾಯಾರ, ಈ ಊರಾಗ ಸಣ್ಣ ದನಿಲೆ ಮಾತಾಡಿದ್ರ ಉಪಾಸ ಸಾಯ್ತೀರಿ. ಒದರ್ರಿ" ಎಂದಿದ್ದ. ಅಂದಿನಿಂದ ಅವನು ನನಗೆ ಗುರಪ್ಪಣ್ಣನಾದ, ಅವನ ಹೆಂಡತಿ ನೀಲಕ್ಕನಾದಳು.

ಅವನು ಹುಟ್ಟಿದ್ದು ನೇಕಾರನಾಗಿ. ಕರೆಂಟಿನ ಮಗ್ಗಗಳು ಒಂದೊಂದಾಗಿ ಓಣಿಗೆ ಬಂದಾಗ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಅವನ ಕುಣಿಮಗ್ಗದ ಸೀರೆ ಕೇಳುವವರು ಕಡಿಮೆಯಾದರು. ಉಳಿದವರು ಕರೆಂಟನ್ನು ಬೈಯುತ್ತ ಕೂತಾಗ ಇವನು ಮಿರಜಿಗೆ ಹೋಗಿ, ಅದೇ ಕರೆಂಟಿನಿಂದ ಬ್ಯಾಟರಿ ತುಂಬಿಸುವ ಯಂತ್ರವೊಂದನ್ನು ಹೊತ್ತು ತಂದ. ಹಳ್ಳಿಗಳಿಗೆ ಆಗ ರೇಡಿಯೋ ಬಂದಿತ್ತು, ಕರೆಂಟು ಬಂದಿರಲಿಲ್ಲ. ಗೌಡರ ಮನೆ, ಕಿರಾಣಿ ಅಂಗಡಿ, ಮಠ, ಎಲ್ಲಿ ರೇಡಿಯೋ ಇದ್ದರೂ ಅದರ ಕಾಲ ಬಳಿ ಒಂದು ಭಾರವಾದ ಬ್ಯಾಟರಿ ಇರುತ್ತಿತ್ತು. ಅದು ಬರಿದಾದರೆ ಹಾಡು ಇಲ್ಲ, ಸುದ್ದಿ ಇಲ್ಲ. ಗುರಪ್ಪ ಸೈಕಲ್ಲಿನ ಹಿಂದೆ ಮರದ ಪೆಟ್ಟಿಗೆ ಕಟ್ಟಿಕೊಂಡು, ಬರಿದಾದದ್ದನ್ನು ತಂದು ತುಂಬಿದ್ದನ್ನು ಕೊಟ್ಟು ಬರುತ್ತಿದ್ದ. ರಬಕವಿ, ಜಮಖಂಡಿ, ಒಮ್ಮೊಮ್ಮೆ ಹೊಳೆಯ ದಂಡೆ ಹಿಡಿದು ಗಲಗಲಿಯವರೆಗೂ.

ಒಮ್ಮೆ ಗಲಗಲಿಯ ಗೌಡರ ಆಳು ಬ್ಯಾಟರಿ ಹೊತ್ತುಕೊಂಡು ಬಂದು ಬಾಗಿಲಲ್ಲಿ ಕುಕ್ಕಿದ. "ಏನ ತುಂಬಸ್ತಿಯೋ ಮಾರಾಯಾ? ನಾಕ ದಿನಕ್ಕ ಸತ್ತೈತಿ. ಗೌಡ್ರು ಬೆಂಕಿ ಆಗ್ಯಾರ."

ಗುರಪ್ಪ ಬ್ಯಾಟರಿಯನ್ನು ಬಗ್ಗಿ ನೋಡಿದ, ಮೂಸಿದ. "ಗೌಡ್ರು ರೇಡಿಯೋ ಹಚ್ಚಿ ಮಲಗ್ತಾರೇನು?"

"ಹೂಂ. ಹಾಡ ಕೇಳಕೋತ ಮಲಗ್ತಾರ."

"ಮತ್ತ ಅವರು ಮಲಗಿದ ಮ್ಯಾಲ ಅದು ಹಾಡೂದು ಯಾರಿಗೆ? ಎತ್ತಿಗೇನು? ಹೋಗಿ ಹೇಳು, ನಿಮ್ಮ ಎತ್ತಿಗಿ ಭಾಳ ಛಲೋ ಹಾಡ ಬರ್ತಾವಂತ."

ಆಳು ನಗುತ್ತ ಹೋದ. ಗೌಡರಿಗೆ ಏನೆಂದು ಹೇಳಿದನೋ ತಿಳಿಯದು.

ಬ್ಯಾಟರಿಗಳ ಬಗ್ಗೆ ಗುರಪ್ಪ ಮಾತನಾಡಿದರೆ ಬಾಣಂತಿ ಮನೆಯ ಮಾತು ಕೇಳಿದ ಹಾಗಿರುತ್ತಿತ್ತು. ಇದು ಅರ್ಧ ಹೊಟ್ಟೆ ಉಂಡಿದೆ, ಅದಕ್ಕೆ ಅಜೀರ್ಣವಾಗಿದೆ, ಇದಕ್ಕೆ ಇವತ್ತು ಬರೀ ನೀರು. "ಹಸಗೂಸು ಇದ್ಧಂಗ ನೋಡ್ರಿ ಬಾಯಾರ. ಹಸದ್ರೂ ಹೇಳಂಗಿಲ್ಲ, ತುಂಬಿದ್ರೂ ಹೇಳಂಗಿಲ್ಲ. ಸಾಕು ಅನ್ನಾಕ ಇದಕ್ಕ ಬಾಯಿಲ್ಲ. ನಾವಽ ಅನ್ನಬೇಕು."

ಆ 'ಸಾಕು' ಅನ್ನುವುದೇ ಅವರ ಮನೆಯ ದೊಡ್ಡ ಕೆಲಸ. ಬ್ಯಾಟರಿ ತುಂಬಿದ ಮೇಲೂ ಕರೆಂಟು ಹರಿಯುತ್ತಲೇ ಇದ್ದರೆ ಒಳಗಿನ ಆಸಿಡ್ ನೀರು ಕುದಿಯುವ ಹಾಗೆ ಗುಳ್ಳೆ ಏಳತೊಡಗುತ್ತದೆ. ಆ ಗುಳ್ಳೆ ಒಡೆದು ಹುಳಿ ಹುಳಿಯಾದ ಒಂದು ಮಂಜು ಮನೆ ತುಂಬುತ್ತದೆ. ಒಮ್ಮೆ ಮೂಗಿಗೆ ಹೊಕ್ಕರೆ ಗಂಟಲಲ್ಲಿ ಮುಳ್ಳು ಸಿಕ್ಕಂತೆ. ಹೊತ್ತಿಗೆ ಸರಿಯಾಗಿ ಬಟನ್ ಆರಿಸಲು ಒಬ್ಬರು ಹತ್ತಿರವೇ ಕೂತಿರಬೇಕು. ಬೇಗ ಆರಿಸಿದರೆ ಗಿರಾಕಿ ಬೈಯುತ್ತಾನೆ, ತಡವಾದರೆ ಬ್ಯಾಟರಿ ಕೆಡುತ್ತದೆ. ಗುರಪ್ಪ ಸೈಕಲ್ ಹತ್ತಿ ಹೋದ ಮೇಲೆ ಹಾಗೆ ಕೂರುವವಳು ನೀಲಕ್ಕ. ಅವರಿಗೆ ಮಕ್ಕಳಿರಲಿಲ್ಲ, ಇದ್ದದ್ದು ಇಬ್ಬರೇ. ಮನೆಯೂ ಒಂದೇ ಉದ್ದನೆಯ ಕೋಣೆ: ಮುಂದೆ ನಿಂತುಹೋದ ಕುಣಿಮಗ್ಗ, ನಡುವೆ ಬ್ಯಾಟರಿ, ಹಿಂದೆ ಒಲೆ. ಬ್ಯಾಟರಿಯನ್ನು ಹೊರಗಿನ ಕಟ್ಟೆಯ ಮೇಲಿಡಲು ಮನೆಯ ಮಾಲಕರು ಬಿಡಲಿಲ್ಲ. ಒಮ್ಮೆ ಆಸಿಡ್ ಚೆಲ್ಲಿ ಸುಣ್ಣದ ಗಚ್ಚು ನೊರೆನೊರೆಯಾಗಿ ಎದ್ದಿತ್ತು.

ನೀಲಕ್ಕ ಬ್ಯಾಟರಿಯ ಪಕ್ಕದಲ್ಲಿ ರಾಟೆ ಇಟ್ಟುಕೊಂಡು ಮಂದಿಯ ಮಗ್ಗದ ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತ ಕೂರುತ್ತಿದ್ದಳು. ನಡುನಡುವೆ ರಾಟೆ ನಿಲ್ಲಿಸಿ, ಸೆರಗು ಹಿಂದೆ ಸರಿಸಿ, ಬ್ಯಾಟರಿಯ ಮೇಲೆ ಕಿವಿ ಹಿಡಿಯುತ್ತಿದ್ದಳು. ಮೊದಲು ಸಣ್ಣ ಇರುವೆ ಓಡಿದಂಥ ಸಪ್ಪಳ, ಆಮೇಲೆ ಅಕ್ಕಿ ತೊಳೆದಂಥದು. ಅಕ್ಕಿ ತೊಳೆದಂತಾದರೆ ತುಂಬಿತು ಎಂದು ನನಗೂ ಹೇಳಿಕೊಟ್ಟಿದ್ದಳು. ಗುರಪ್ಪನ ಕಿವಿಗಿಂತ ಅವಳ ಕಿವಿ ಸೂಕ್ಷ್ಮ. ವರ್ಷಗಟ್ಟಲೆ ಅವಳು ಹಾಗೆ ಬಗ್ಗಿ, ಕೇಳಿ, ಉಸಿರಾಡಿದಳು.

ಕೆಮ್ಮು ಯಾವಾಗ ಶುರುವಾಯಿತೆಂದು ಹೇಳಲಾರೆ. ಗೋಡೆಯ ಈಚೆಗೆ ಕೇಳಿಸುವಷ್ಟಾದಾಗ ನಾನೇ ಹಟ ಹಿಡಿದು ಇಬ್ಬರನ್ನೂ ಜಮಖಂಡಿಗೆ ಹೊರಡಿಸಿ, ಜೊತೆಗೆ ನಾನೂ ಹೋದೆ. ಅಲ್ಲಿಯ ಡಾಕ್ಟರು ಅವಳ ಬೆನ್ನಿಗೆ ಕೊಳವೆ ಹಚ್ಚಿ ಬಹಳ ಹೊತ್ತು ಕೇಳಿದರು. ಕೇಳುವಾಗ ಅವರ ಮುಖ ನೀಲಕ್ಕ ಬ್ಯಾಟರಿ ಕೇಳುವಾಗಿನ ಮುಖದ ಹಾಗೆಯೇ ಇತ್ತು.

"ಹುಳಿ ಗಾಳಿ ಎದಿಯೊಳಗ ಇಳದೈತಿ" ಎಂದರು ಗುರಪ್ಪನಿಗೆ. "ಇನ್ನ ಈಕಿ ಆ ಬ್ಯಾಟರಿ ಸಮೀಪ ಕುಂಡ್ರಬಾರದು. ಕುಂತ್ರ ನಾ ಕೊಡೂ ಔಷಧ ನೀರಾಗ ಹಾಕಿಧಂಗ. ದೂರ ಇಟ್ರ ಉಳೀತಾಳ."

ಬಸ್ಸು ಹತ್ತಿ ತಿರುಗಿ ಹೊರಟೆವು. ನಡುದಾರಿಯಲ್ಲಿ ಲೋಕಾಪುರದ ಕಡೆಯ ಲಾರಿಯೊಂದು ಅಡ್ಡ ನಿಂತು ಕೆಟ್ಟಿತ್ತು, ನಮ್ಮ ಬಸ್ಸೂ ನಿಂತಿತು. ಗುರಪ್ಪ ಇಳಿದುಹೋಗಿ ಲಾರಿಯ ಇಂಜಿನ್ನಿನೊಳಗೆ ತಲೆ ತೂರಿಸಿದ. ನೀಲಕ್ಕ ಕಿಟಕಿಯಿಂದ ಅವನ ಬೆನ್ನನ್ನೇ ನೋಡುತ್ತ, ಕೆಮ್ಮು ತಡೆದುಕೊಂಡು ಸಣ್ಣಗೆ ನಕ್ಕಳು. "ನೋಡ್ರಿ ಬಾಯಾರ, ಹೇಣ್ತಿ ಸಾಯಾಕತ್ತಾಳ, ಗಂಡ ಲಾರಿ ನೋಡಾಕತ್ತಾನ."

ಆದರೆ ಅವನು ತಿರುಗಿ ಬಂದಾಗ ಮುಖವೇ ಬೇರೆಯಾಗಿತ್ತು. ಇಂಜಿನ್ನಿನ ಪಕ್ಕದಲ್ಲಿ ಅಂಗೈಯಷ್ಟು ಒಂದು ಡಬ್ಬಿ ಇತ್ತಂತೆ. ಕಟೌಟ್ ಅನ್ನುತ್ತಾರೆಂದು ಡ್ರೈವರ್ ಹೇಳಿದನಂತೆ. ಇಂಜಿನ್ ನಿಂತಾಗ ಬ್ಯಾಟರಿಯ ಕರೆಂಟು ತಿರುಗಿ ಹರಿದು ಬರಿದಾಗದಂತೆ, ಆ ಡಬ್ಬಿ ತಾನಾಗಿಯೇ ದಾರಿ ಕಡಿಯುತ್ತದಂತೆ. "ಲಾರಿಗೆ ಇರೂ ಶಾಣ್ಯಾತನ ನಮ್ಮ ಮನಿಗಿಲ್ಲಲ್ರಿ ಬಾಯಾರ! ಬರಿದಾಗೂದನ್ನ ಕಡಿಯೂ ಡಬ್ಬಿ ಇತ್ತಂದ್ರ, ತುಂಬಿದ್ದನ್ನ ಕಡಿಯೂ ಡಬ್ಬೀನೂ ಆಗಬೇಕು. ಸಾಕು ಅನ್ನಾಕ ಬಾಯಿ ಇರೂ ಪೆಟಗಿ ಮಾಡ್ತೇನಿ. ನೀಲಾ, ನೀ ಇನ್ನ ಕುಂಡ್ರೂದ ಬ್ಯಾಡ ಬೇ."

ಅವತ್ತಿನಿಂದ ಅವನಿಗೆ ಬೇರೆ ಧ್ಯಾನವಿಲ್ಲ. ಪೆಟ್ಟಿಗೆ ಆಗುವವರೆಗೆ ಬ್ಯಾಟರಿಯ ಪಕ್ಕ ನಾನು ಹೋಗಿ ಕೂರುತ್ತೇನೆಂದೆ, ಒಂದೆರಡು ಮಧ್ಯಾಹ್ನ ಹೆಣಿಗೆ ಹಿಡಿದುಕೊಂಡು ಕೂತೆ ಕೂಡ. ಮಗಳು ಸೀನಿದ್ದನ್ನು ಕಂಡು ಗುರಪ್ಪ ನನ್ನನ್ನು ಎಬ್ಬಿಸಿಬಿಟ್ಟ. "ಒಬ್ಬಾಕಿ ಎದಿ ಸುಟ್ಟದ್ದು ಸಾಕ್ರಿ." ಸೈಕಲ್ ಸುತ್ತಾಟ ಕಡಿಮೆ ಮಾಡಿ ತಾನೇ ಕೂರತೊಡಗಿದ. ನೀಲಕ್ಕ ಹಗಲೆಲ್ಲ ನಮ್ಮ ಅಡುಗೆಮನೆಯಲ್ಲಿ ಶೇಂಗಾ ಸುಲಿಯುತ್ತ, ಮಗಳನ್ನು ಆಡಿಸುತ್ತ ಇರುತ್ತಿದ್ದಳು. ಆದರೂ ಅವಳ ಕಿವಿ ಗೋಡೆಯ ಆಚೆಗೇ. ಮಾತನಾಡುತ್ತಿದ್ದವಳು ತಟ್ಟನೆ ಬಾಯಿ ಮುಚ್ಚಿ, "ತುಂಬ್ಯದ, ಇವರಿಗೆ ಕೇಳಸಿಲ್ಲ ಕಾಣಸ್ತದ" ಎಂದು ಎದ್ದು ಓಡುತ್ತಿದ್ದಳು. ಸೆರಗು ಹಿಡಿದು ಕೂರಿಸಿದರೂ ಕೂರುತ್ತಿರಲಿಲ್ಲ.

ಪೆಟ್ಟಿಗೆಯ ಕೆಲಸವನ್ನು ನಾನು ಹತ್ತಿರದಿಂದ ನೋಡಿದೆ. ತಿಳಿದಷ್ಟು ಹೇಳುತ್ತೇನೆ. ಒಂದು ಕಬ್ಬಿಣದ ಮೊಳೆ, ಅದರ ಸುತ್ತ ಕೂದಲಿನಂಥ ತಾಮ್ರದ ತಂತಿಯ ಸುರುಳಿ. ತಂತಿಗೆ ಮೇಲೆ ಹತ್ತಿಯ ನೂಲಿನ ಹೊದಿಕೆ. ಬ್ಯಾಟರಿ ತುಂಬುತ್ತ ಬಂದಂತೆ ಸುರುಳಿಗೆ ಎಳೆಯುವ ಶಕ್ತಿ ಏರುತ್ತದೆ. ಪೂರ್ತಿ ತುಂಬಿದಾಗ ಅದು ಎದುರಿಗಿರುವ ತಗಡಿನ ನಾಲಿಗೆಯನ್ನು ತನ್ನ ಕಡೆ ಸೆಳೆದುಕೊಳ್ಳುತ್ತದೆ. ನಾಲಿಗೆ ಸರಿದರೆ ಕರೆಂಟಿನ ದಾರಿ ಕಡಿಯಿತು. ಸರಿದ ನಾಲಿಗೆ ಮತ್ತೆ ಹಿಂದಕ್ಕೆ ಹೋಗದಂತೆ ಹಿಡಿಯಲು ಗುರಪ್ಪ ಹಳೆಯ ಲಾಳಿಯೊಳಗಿನ ಸ್ಪ್ರಿಂಗನ್ನು ಕೂರಿಸಿದ್ದ. ಅದು ಬೀಳುವಾಗ 'ಟಕ್' ಎಂದು ಗಟ್ಟಿಯಾಗಿ ಸಪ್ಪಳವಾಗುತ್ತಿತ್ತು. ಕರೆಂಟು ಹರಿಯುತ್ತಿರುವಷ್ಟು ಹೊತ್ತು ಮೇಲೊಂದು ಬಲ್ಬು ಮಂದವಾಗಿ ಕೆಂಪಗೆ ಉರಿಯುತ್ತದೆ, 'ಟಕ್' ಅಂದರೆ ಆರುತ್ತದೆ.

ಸುರುಳಿ ಸುತ್ತಿದವಳು ನೀಲಕ್ಕ. ಸಾವಿರಾರು ಸುತ್ತು, ಒಂದರ ಪಕ್ಕ ಒಂದು ಕೂರಬೇಕು. ಅವಳ ಕಂಡಿಕೆಯ ರಾಟೆಗಿಂತ ಒಳ್ಳೆಯ ಯಂತ್ರ ಅದಕ್ಕೆ ಊರಲ್ಲಿ ಇರಲಿಲ್ಲ. ನಮ್ಮ ಅಡುಗೆಮನೆಯ ಬಾಗಿಲ ಬೆಳಕಿನಲ್ಲಿ ಕೂತು ಸುತ್ತಿದಳು. ಮೊದಲ ಸಲ ಹತ್ತಿಯ ಹೊದಿಕೆ ಗುಂಜೆದ್ದು ತಂತಿ ಜಾರಿತು. ಅವಳು ನಗುತ್ತ, "ಹಸೀ ನೂಲು ಕುಂಡ್ರಂಗಿಲ್ರಿ ಬಾಯಾರ, ಇದಕ್ಕ ಗಂಜಿ ಕುಡಿಸಬೇಕು" ಎಂದಳು. ಮಗ್ಗಕ್ಕೇರಿಸುವ ಹಾಸಿನ ನೂಲಿಗೆ ಹಚ್ಚುವ ಹಾಗೆ ತೆಳ್ಳಗೆ ಗಂಜಿ ಕಾಯಿಸಿ, ಎರಡು ಬೆರಳ ನಡುವೆ ತಂತಿಯನ್ನು ಅದರಲ್ಲಿ ಹಾಯಿಸುತ್ತ ಸುತ್ತಿದಳು. ಎಂಥ ಸುರುಳಿಯಾಯಿತು ಅದು! ನೆರಳಲ್ಲಿ ಒಣಗಿ, ನುಣ್ಣಗೆ, ಗಟ್ಟಿಯಾಗಿ, ಹೊಸ ಧೋತರದ ಮಡಿಕೆಯಂತೆ. ಗುರಪ್ಪ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಗಂಜಿಯ ವಿಚಾರ ಅವನಿಗೂ ಸರಿ ಅನ್ನಿಸಿತ್ತು. ಬನಹಟ್ಟಿಯಲ್ಲಿ ಯಾರಿಗೆ ತಾನೇ ಸರಿ ಅನ್ನಿಸುತ್ತಿರಲಿಲ್ಲ?

ಬಿರುಬೇಸಿಗೆಯಲ್ಲಿ ಮೊದಲ ಸಲ ಹಚ್ಚಿ ನೋಡಿದರು. ನಾವು ಮೂವರೂ ಕುಣಿಮಗ್ಗದ ಅಂಚಿನಲ್ಲಿ ಸಾಲಾಗಿ ಕೂತಿದ್ದೆವು. ನೀಲಕ್ಕ ಅಷ್ಟು ದೂರದಿಂದಲೇ, "ಅಕ್ಕಿ ತೊಳ್ಯಾಕತ್ತದ ನೋಡ್ರಿ" ಎಂದಳು. ಅವಳ ಮಾತು ಮುಗಿಯುವ ಮೊದಲು, ಟಕ್. ಬಲ್ಬು ಆರಿತು.

ಕಾನ್ವೆಂಟಿನಲ್ಲಿ ಸಂಜೆಯ ಓದು ಮುಗಿದಾಗ ಸಿಸ್ಟರ್ ಒಂದು ಮರದ ಚಿಟಿಕೆ ಬಡಿಯುತ್ತಿದ್ದರು. ಟಕ್ ಎಂದ ಕೂಡಲೇ ನಾವೆಲ್ಲ ಪುಸ್ತಕ ಮುಚ್ಚಿ ಅಂಗಳಕ್ಕೆ ಓಡುತ್ತಿದ್ದೆವು. ಆ ಕೋಣೆಯಲ್ಲಿ ನನಗೆ ಆ ಸಪ್ಪಳವೇ ಕೇಳಿದಂತಾಯಿತು. ಗುರಪ್ಪ ಹೆಂಡತಿಯ ಮುಖ ನೋಡಿದ. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ನನಕಿಂತ ಶಾಣ್ಯಾ ಅದ ಬಿಡ್ರಿ. ಇನ್ನ ನನ್ನ ಯಾಕ ಇಟ್ಕೋತೀರಿ, ತವರಮನಿಗಿ ಕಳಸ್ರಿ" ಎಂದಳು.

ಆ ಬೇಸಿಗೆ ಪೂರ್ತಿ ಪೆಟ್ಟಿಗೆ ಒಮ್ಮೆಯೂ ತಪ್ಪಲಿಲ್ಲ. ಗುರಪ್ಪ ಮತ್ತೆ ಸೈಕಲ್ ಹತ್ತಿದ. ನೀಲಕ್ಕನ ಕೆಮ್ಮು ತಗ್ಗಿತು. ಗೋಡೆಯ ಆಚೆಯಿಂದ ಹಾಡು ಕೇಳಿಸಿದ್ದೂ ಉಂಟು. ಕೆನ್ನೆಯ ಮೇಲೆ ಸ್ವಲ್ಪ ಮಾಂಸ ಬಂದಿತ್ತು. ಧೋತರದ ತೂತುಗಳನ್ನು ಮತ್ತೆ ಮುಚ್ಚತೊಡಗಿದ್ದಳು. ಆ ಕೆಲವು ವಾರ ನಾವೆಲ್ಲ ಗೆದ್ದೆವೆಂದೇ ತಿಳಿದಿದ್ದೆವು.

ಆಮೇಲೆ ಮಳೆ ಹಿಡಿಯಿತು. ನಮ್ಮ ಸೀಮೆಯಲ್ಲಿ ಮಳೆ ಅಪರೂಪ, ಆ ವರ್ಷ ಮಾತ್ರ ಜಡಿ ಹತ್ತಿ ಗೋಡೆಗಳೆಲ್ಲ ಬೆವತವು. ಅಂಥದೊಂದು ಮಧ್ಯಾಹ್ನ ಗುರಪ್ಪ ತುಂಬಿದ ಬ್ಯಾಟರಿ ಕೊಡಲು ರಬಕವಿಗೆ ಹೋಗಿದ್ದ. ನೀಲಕ್ಕ ಇರಚಲು ಬರದಂತೆ ಬಾಗಿಲು, ಕಿಟಕಿ ಹಾಕಿಕೊಂಡು ಒಲೆಯ ಪಕ್ಕ ಮಲಗಿದ್ದಳು. ಪೆಟ್ಟಿಗೆ ಇದೆಯಲ್ಲ ಎಂದು ಕಿವಿಗೂ ಬಿಡುವು ಕೊಟ್ಟು, ಎಷ್ಟೋ ವರ್ಷಗಳಲ್ಲಿ ಕಾಣದಂಥ ಗಾಢ ನಿದ್ರೆ ಮಾಡಿದಳಂತೆ. ಬಲ್ಬು ಆರಲೇ ಇಲ್ಲ. ಬ್ಯಾಟರಿಗಳು ಸಂಜೆಯವರೆಗೆ ಕುದಿದವು. ಗುರಪ್ಪ ಬಂದು ಬಾಗಿಲು ಬಡಿದು ಕೂಗಿದ ದನಿಗೆ ನಾನು ಓಡಿದೆ. ಒಳ ಹೊಕ್ಕವರ ಕಣ್ಣು ಉರಿಯಿತು. ನೀಲಕ್ಕ ಗೋಡೆಗೆ ಆನಿಸಿ ಕೂತು ಗಾಳಿಗಾಗಿ ಬಾಯಿ ತೆರೆಯುತ್ತಿದ್ದಳು. ಮೀನಿನ ಬಾಯಿಯ ಹಾಗೆ.

ಆಮೇಲೆ ಅವನು ಪೆಟ್ಟಿಗೆ ಬಿಚ್ಚಿದಾಗ ನಾನೂ ಇದ್ದೆ. ಸುರುಳಿ ಮೆತ್ತಗಾಗಿತ್ತು. ಹಳಸಿದ ಅಂಬಲಿಯ ಹುಳಿ ವಾಸನೆ ಬರುತ್ತಿತ್ತು. ಹತ್ತಿಯ ಹೊದಿಕೆಯ ಒಳಗಿಂದ ತಾಮ್ರದ ಹಸಿರು ಕಿಲುಬು ಇಣುಕುತ್ತಿತ್ತು. ತಂಪು ಹೀರಿದ ಗಂಜಿಯೊಳಗೆ ಕರೆಂಟು ಸುತ್ತಿನಿಂದ ಸುತ್ತಿಗೆ ಸೋರಿಹೋಗಿ, ನಾಲಿಗೆ ಎಳೆಯುವಷ್ಟು ಬಲ ಸುರುಳಿಗೆ ಉಳಿದಿರಲಿಲ್ಲ. ಗುರಪ್ಪ ಅದನ್ನು ಉಗುರಿನಿಂದ ಕೆರೆದು ನೋಡಿ ಹೇಳಿದ, "ನೂಲಿನ ಬುದ್ಧಿ ತಾಮ್ರಕ್ಕ ಹಚ್ಚಿದ್ವಿ."

ಒಲೆಯ ಕಡೆಯಿಂದ ನೀಲಕ್ಕನ ದನಿ ಬಂತು. "ಗಂಜಿ ಹಚ್ಚಿದಾಕಿ ನಾನು."

"ನೋಡಿ ಛಲೋ ಆತು ಅಂದಾವ ನಾನಲ್ಲೇನು? ಸುಮ್ನಿರು ಬೇ."

ಮತ್ತೆ ಡಾಕ್ಟರು ಬಂದರು. ಈ ಸಲ ಅವರು ಕೊಳವೆ ಹಚ್ಚಿ ಅಷ್ಟು ಹೊತ್ತು ಕೇಳಲಿಲ್ಲ. ಔಷಧದ ಹೆಸರನ್ನೂ ಗುರಪ್ಪನಿಗೆ ಹೇಳದೆ ನಮ್ಮವರಿಗೆ ಹೇಳಿ ಹೋದರು. ಉಳಿದ ಮಳೆಗಾಲ ಗುರಪ್ಪ ಮನೆ ಬಿಟ್ಟು ಕದಲಲಿಲ್ಲ. ಬ್ಯಾಟರಿಗಳನ್ನು ಅರ್ಧ ತುಂಬಿಸಿ ತೆಗೆದುಬಿಡುತ್ತಿದ್ದ. ಗಿರಾಕಿಗಳು ಬಾಗಿಲಿಗೆ ಬಂದು ಬೈದರೆ ತಲೆ ತಗ್ಗಿಸಿ ಕೇಳುತ್ತಿದ್ದ. ತಿರುಗಿ ಒಂದು ಚೇಷ್ಟೆಯ ಮಾತೂ ಇಲ್ಲ. ಗಂಗವ್ವ ಧೋತರದ ಮಾತೆತ್ತಿದಾಗ, "ಹೌದ ಬೇ ಯವ್ವಾ" ಎಂದು ಒಳಗೆ ಹೋಗಿಬಿಟ್ಟ. ಅವಳೂ ಪೆಚ್ಚಾದಳು.

ನೀಲಕ್ಕ ಮಾತ್ರ ಪಟ್ಟು ಬಿಡಲಿಲ್ಲ. ಮಿರಜಿನಿಂದ ಹೊಸ ತಂತಿ ತರಿಸಿದಳು. ಮಲಗಿದಲ್ಲೇ ದಿಂಬಿಗೆ ಒರಗಿ, ರಾಟೆಯನ್ನು ಮಂಚದ ಪಕ್ಕಕ್ಕೆ ಎಳೆಸಿಕೊಂಡು ಮತ್ತೆ ಸುತ್ತತೊಡಗಿದಳು. ಒಂದಿಷ್ಟು ಸುತ್ತು, ಒಂದಿಷ್ಟು ಕೆಮ್ಮು. ಈ ಸಲ ಗಂಜಿ ಇಲ್ಲ, ಕರಗಿಸಿದ ಮೇಣ. ಮೇಣದ ಬಟ್ಟಲನ್ನು ಹಿಡಿದುಕೊಂಡು ನಾನು ಪಕ್ಕದಲ್ಲಿ ಕೂರುತ್ತಿದ್ದೆ. ಅವಳ ಕೈ ತೆಳ್ಳಗಾಗಿ ಬಳೆಗಳು ಮೊಳಕೈವರೆಗೆ ಜಾರುತ್ತಿದ್ದವು. ಸುತ್ತುವಾಗ ಸಪ್ಪಳವಾಗದಿರಲೆಂದು ಅವುಗಳಿಗೆ ದಾರ ಕಟ್ಟಿಕೊಂಡಿದ್ದಳು. "ಯಾಕ ನೀಲಕ್ಕ ಇಷ್ಟು ದಗದ, ಮಲಗಬಾರದೇನು?" ಎಂದರೆ, "ಇದು ಸಾಕು ಅನ್ನೂದು ಕಲತ್ರ ಇವರು ಹೊರಗ ಹೋಗ್ತಾರ್ರೀ. ಹಿಂಗ ನನ್ನ ಮಾರಿ ನೋಡಕೋತ ಕುಂತ್ರ ಇವರಽ ಮೊದಲ ಸಾಯ್ತಾರ" ಎನ್ನುತ್ತಿದ್ದಳು.

ಮೇಣದ ಸುರುಳಿ, ನಾನು ಮೊದಲು ಹೇಳಿದ ಆ ಬೆಳಗಿನ ಹಿಂದಿನ ದಿನ ಮುಗಿದಿತ್ತು.

ಧೋತರ ಹರವಿ ಗುರಪ್ಪ ಮೋಟುಗೋಡೆಯ ಹತ್ತಿರ ಬಂದ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಬಿಸಿಲು ಕಂಡೆ. "ಬಾಯಾರ, ಈಗಿನ್ನೂ ಹೊಸ ಸುರುಳಿ ಹಾಕಿ ಒಂದ ಬ್ಯಾಟರಿ ಹಚ್ಚೇನ್ರಿ. ಸಂಜೀತನಾ ತುಂಬತೈತಿ. ಇವತ್ತ ಯಾರೂ ಬಟನ್ ಮುಟ್ಟಬ್ಯಾಡ್ರಿ, ನಾನೂ ಮುಟ್ಟಂಗಿಲ್ಲ. ತಾನಽ ಬಿಡಬೇಕು. ಬಿಟ್ಟಿತಂದ್ರ ನೀಲಾಗ ಮೊದಲ ಹೇಳಾಕಿ ನೀವು."

"ಆಗಲಿ ಗುರಪ್ಪಣ್ಣ" ಎಂದೆ. ಒಳಗೆ ಹಾಲು ಉಕ್ಕಿದ ವಾಸನೆ ಬಂತು, ಓಡಿಹೋದೆ.

ನಮ್ಮವರು ಶಾಲೆಗೆ ಹೋದರು. ಮಗಳಿಗೆ ಎಣ್ಣೆ ಹಚ್ಚಿ ನೀರು ಹಾಕಿದೆ. ಅವಳ ತಲೆ ಒರೆಸುತ್ತಿರುವಾಗ ಗೋಡೆಯ ಆಚೆ ಕೆಮ್ಮು ನಿಂತದ್ದು ನನ್ನ ಗಮನಕ್ಕೆ ಬಂತು. ಇವತ್ತು ನೀಲಕ್ಕನಿಗೆ ಹಗುರಾಗಿರಬೇಕು ಅಂದುಕೊಂಡೆ. ಅಷ್ಟರಲ್ಲಿ ಗುರಪ್ಪನ ಕೂಗು ಕೇಳಿತು.

ಓಣಿ ಕೂಡಿತು. ಉಸಿರು ನಿಂತಿದ್ದ ಅವಳನ್ನು ಆ ಕಡೆಯ ರೂಢಿಯಂತೆ ಹೊರಗೆ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದರು. ಮಾಲಕರೂ ಬೇಡವೆನ್ನಲಿಲ್ಲ. ಉಡಿಸಲು ಸೀರೆ ತರಲು ಒಳಗೆ ಹೋದ ನಾನು, ಮೂಲೆಯಲ್ಲಿ ಬಲ್ಬು ಕೆಂಪಗೆ ಉರಿಯುತ್ತಿದ್ದುದನ್ನು ಕಂಡೆ. ಆ ಗದ್ದಲದಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ಬಟನ್ನಿಗೆ ಕೈ ಚಾಚಿದೆ. ಯಾರೂ ಮುಟ್ಟಬೇಡಿ ಅಂದಿದ್ದ ಮಾತು ನೆನಪಾಗಿ ಕೈ ಹಿಂದೆ ತೆಗೆದುಕೊಂಡೆ. ಅವಳನ್ನು ಒಯ್ದ ಮೇಲೆ ಮನೆ ತೊಳೆಯಲು ಬಂದ ಹೆಂಗಸರಿಗೂ ಅದೇ ಹೇಳಿದೆ. ಅವರು ಆ ಮೂಲೆ ಬಿಟ್ಟು ಉಳಿದದ್ದನ್ನು ತೊಳೆದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಆ ಸಂಜೆಯನ್ನು ದಾಟಿ ಹೇಳುವ ಮನಸ್ಸು ನನಗಿಲ್ಲ. ಗುರಪ್ಪ ಆಮೇಲೆ ಒಂದು ಬ್ಯಾಟರಿಯನ್ನೂ ಮುಟ್ಟಲಿಲ್ಲ. ಮಂದಿಯವನ್ನು ಮಂದಿಗೆ ಮುಟ್ಟಿಸಿ, ಯಂತ್ರವನ್ನು ಯಾರಿಗೋ ಕೊಟ್ಟು, ನಮಗೂ ಹೇಳದೆ ಊರು ಬಿಟ್ಟ. ಪೆಟ್ಟಿಗೆ ಏನಾಯಿತೋ ತಿಳಿಯದು. ರಾಟೆ ಬಹಳ ದಿನ ಅವರ ಹಿತ್ತಲಲ್ಲಿ ಬಿಸಿಲಿಗೆ ಬಿದ್ದು ಬಿರುಕು ಬಿಟ್ಟಿತು. ವರ್ಷಗಳ ಮೇಲೆ, ಬೆಳಗಾವಿಯಿಂದ ಮುಧೋಳಕ್ಕೆ ಮದುವೆಗೆ ಹೊರಟವಳು ಲೋಕಾಪುರದಲ್ಲಿ ಬಸ್ಸು ಬದಲಿಸುವಾಗ ಯಾರೋ "ಬಾಯಾರ" ಅಂದ ಹಾಗಾಯಿತು. ತಿರುಗಿದರೆ ಒಬ್ಬ ಮುದುಕ. ಹತ್ತಿ ಹಿಂಜುವ ಮಿಲ್ಲಿನಲ್ಲಿ ಬಾಗಿಲು ಕಾಯುತ್ತೇನೆಂದ. ಮಗಳ ತಲೆ ಸವರಿ, "ದೊಡ್ಡಾಕಿ ಆದ್ಲಲ್ರೀ" ಎಂದ. ನಾನು ತಡೆಯಲಾರದೆ ಆ ಪೆಟ್ಟಿಗೆಯ ಮಾತು ತೆಗೆದೆ.

"ಯಾವ ಪೆಟಗಿರಿ?" ಎಂದ ಗುರಪ್ಪ, ಬಸ್ಸಿನ ಕಡೆ ನೋಡುತ್ತ.

ಅವನ ಧೋತರ ಬೆಳ್ಳಗಿತ್ತು. ಒಂದು ತೂತೂ ಇರಲಿಲ್ಲ. ಅವನನ್ನು ಕೊನೆಗೆ ನೋಡಿದ್ದು ಅಲ್ಲೇ.

ಆ ಸಂಜೆ ಮಣ್ಣಿಗೆ ಹೋದವರು ಹೊತ್ತು ಮುಳುಗಿದ ಮೇಲೆ ತಿರುಗಿ ಬಂದರು. ನೀಲಕ್ಕ ಉಸಿರು ಬಿಟ್ಟ ಜಾಗದಲ್ಲಿ ಹೆಂಗಸರು ದೀಪ ಹಚ್ಚಿಟ್ಟಿದ್ದರು. ಒಬ್ಬೊಬ್ಬರಾಗಿ ಕಾಲಿಗೆ ನೀರು ಹಾಕಿಕೊಂಡು, ಬಾಗಿಲಲ್ಲಿ ನಿಂತು ದೀಪ ನೋಡಿ ಮನೆಗೆ ಹೋದರು. ನಾನು ಮಿಂದು, ಮಗಳಿಗೆ ಉಣಿಸಿ, ಗುರಪ್ಪನಿಗೆ ಒಂದು ಲೋಟ ಹಾಲು ತಂದಿದ್ದೆ. ಗಂಗವ್ವ ಮಧ್ಯಾಹ್ನದಿಂದ ತೆರೆದ ಬಾಗಿಲು ಕಾಯುತ್ತ ಅವರ ಕಟ್ಟೆಯ ಮೇಲೆಯೇ ಕೂತಿದ್ದಳು.

ಗುರಪ್ಪ ಕೊನೆಯವನಾಗಿ ಬಂದ. ದೀಪ ನೋಡಿದ. ಆಮೇಲೆ ಅವನ ಕಣ್ಣು ತಾನಾಗಿಯೇ ಮೂಲೆಗೆ ಹೋಯಿತು. ಅಲ್ಲಿ ಕತ್ತಲೆ ಇತ್ತು.

"ಬಾಯಾರ" ಎಂದ, ನನ್ನ ಕಡೆ ತಿರುಗದೆ. "ನೀವೇನರೆ ಬಂದ್ ಮಾಡಿದ್ರೇನ್ರಿ?"

"ಇಲ್ರೀ ಗುರಪ್ಪಣ್ಣ. ಯಾರಿಗೂ ಮುಟ್ಟಗೊಟ್ಟಿಲ್ಲ."

"ಕರೆಂಟ ಹೋಗಿತ್ತೇನು?"

ಹಿಂದಿನ ಓಣಿಯಲ್ಲಿ ಕರೆಂಟಿನ ಮಗ್ಗಗಳು ಬೆಳಗಿನಿಂದ ಒಂದೇ ಸಮ ಹೊಡೆದುಕೊಳ್ಳುತ್ತಲೇ ಇದ್ದವು. ಅವನು ಹೊಸ್ತಿಲು ದಾಟದೆ ಚೌಕಟ್ಟು ಹಿಡಿದು ನಿಂತ. ನನ್ನ ಕೈಯ ಹಾಲಿನ ಮೇಲೆ ಕೆನೆ ಕಟ್ಟುತ್ತಿತ್ತು.

ಗಂಗವ್ವ ಮೊಣಕಾಲಿಗೆ ಕೈ ಊರಿ ಎದ್ದು, ಸೀರೆಯ ಹಿಂದಿನ ಧೂಳು ಜಾಡಿಸಿಕೊಂಡು, ತನ್ನ ಮನೆಯ ಕಡೆ ಹೊರಟಳು. ನಾಲ್ಕು ಹೆಜ್ಜೆ ಹೋದವಳು ತಿರುಗಿ ನಿಂತು ಹೇಳಿದಳು:

"ಹೊತ್ತ ಮುಳಗೂ ಮುಂದ ನಿಮ್ಮನ್ಯಾಗ ಏನೋ ಟಕ್ ಅಂತ ಸಪ್ಪಳಾತ ನೋಡೋ ಗುರಪ್ಪಾ. ಬೆಕ್ಕ ಹೊಕ್ಕಿರಬೇಕು, ಹಾಲ ಮುಚ್ಚಿ ಇಡು."